ದೇವತೆ ಯಾರೆಂದು ಕೇಳುವ ಮೊದಲು ಲೂಪ್ ಹಿಡಿಯಿರಿ

ಹದಿನೆಂಟನೇ ಶತಮಾನದ ಫ್ರಾನ್ಸಿನ ಸಿರಿವಂತ ಹೆಂಗಸರಿಗೆ ಗ್ರೀಕ್-ರೋಮನ್ ದೇವತೆಯ ವೇಷದಲ್ಲಿ ಚಿತ್ರ ಬರೆಸಿಕೊಳ್ಳುವ ಖಯಾಲಿ ಇತ್ತು. 1746ರಲ್ಲಿ ಚಿತ್ರಕಾರ ನಾತಿಯೆ, ದೊರೆ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ ಪೊಂಪದೂರ್ ಅವರನ್ನು ಬೇಟೆಯ ದೇವತೆ ಡಯಾನಾ ಆಗಿಯೇ ಚಿತ್ರಿಸಿದ. ಕಾಗದದ ಮೇಲೆ ಚಾಕ್, ಪ್ಯಾಸ್ಟೆಲ್ (ಪುಡಿಬಣ್ಣದ ಕಡ್ಡಿ) ಹಿಡಿದು ಬರೆದ ಈ ಬಗೆಯ ಚಿತ್ರಗಳು ಬೇಕಾದಷ್ಟಿವೆ. ಅಂಥದೊಂದು ಹಾಳೆ ಕ್ಯಾಟಲಾಗ್ ಮೇಜಿಗೆ ಬಂದರೆ ಹೊಸಬರು ಯಾವ ದೇವತೆ, ಯಾರ ಮುಖ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಕೊನೆಯ ಕೆಲಸ. ಮುಂದಿರುವುದು ಕೈಯಲ್ಲಿ ಬರೆದದ್ದೋ ಅಚ್ಚೋ ಅನ್ನುವುದು ಮೊದಲು ಇತ್ಯರ್ಥವಾಗಬೇಕು.

ಈ ಅನುಮಾನ ಅತಿಯಾಯಿತು ಅನ್ನಿಸಬಹುದು. ಆದರೆ ಚಾಕ್ ಗೆರೆಯನ್ನೇ ಅನುಕರಿಸುವ ತಾಮ್ರದ ಅಚ್ಚುಗಳು ಆ ಕಾಲದಲ್ಲೇ ಬಂದಿದ್ದವು. ಚಿತ್ರಕಾರ ಬೂಶೆಯ ಪ್ಯಾಸ್ಟೆಲ್ ನೋಡಿ ಅಚ್ಚುಕಲಾವಿದ ಲೂಯಿ-ಮರಾಂ ಬೊನೆ 1769ರಲ್ಲಿ ಮಾಡಿದ ‘ಫ್ಲೋರಾಳ ತಲೆ’ ಎಂಟು ತಗಡುಗಳಿಂದ ಮುದ್ರಿಸಿದ್ದು. ಗಾಜಿನ ಹಿಂದಿದ್ದರೆ ಪಳಗಿದ ಕಣ್ಣೂ ಮೋಸಹೋಗುತ್ತದೆ.

ಹತ್ತು ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಕೆನ್ನೆಯ ನೆರಳನ್ನು ನೋಡಿ. ನಿಜವಾದ ಚಾಕ್ ಕಾಗದದ ಉಬ್ಬಿನ ಮೇಲಷ್ಟೇ ಕೂತಿರುತ್ತದೆ, ತಗ್ಗುಗಳು ಖಾಲಿ. ಅಚ್ಚಿನಲ್ಲಿ ಶಾಯಿಯ ಚುಕ್ಕೆಗಳು ಉಬ್ಬು ತಗ್ಗು ನೋಡದೆ ಬಿದ್ದಿರುತ್ತವೆ. ತಗಡಿನ ಮೇಲೆ ಹಲ್ಲಿನ ಚಕ್ರ ಉರುಳಿಸಿ ಮಾಡಿದ್ದರಿಂದ ಸಾಲಿನಲ್ಲಿ ಒಂದು ಲಯವೂ ಕಾಣುತ್ತದೆ. ಬಣ್ಣದ ಅಚ್ಚಾದರೆ ಒಂದು ಬಣ್ಣದ ಅಂಚು ಇನ್ನೊಂದರಿಂದ ಕೂದಲೆಳೆಯಷ್ಟು ಸರಿದಿರಬಹುದು. ಹಾಳೆಯ ಅಂಚಿನಲ್ಲಿ ತಗಡಿನ ಒತ್ತುಗುರುತು ಸಿಗಲಿಲ್ಲ ಎಂದು ನಿರಾಳರಾಗಬೇಡಿ, ಅಂಚು ಕತ್ತರಿಸಿ ಅಂಟಿಸಿದ ಹಾಳೆಗಳೇ ಹೆಚ್ಚು.

ಎರಡನೇ ಬಲೆ ಕೌಂಟರ್‌ಪ್ರೂಫ್. ಕೆಂಪು ಚಾಕ್ (ಹೆಚ್ಚುಕಮ್ಮಿ ನಮ್ಮ ಕಾವಿಕಲ್ಲೇ) ಚಿತ್ರದ ಮೇಲೆ ಒದ್ದೆ ಹಾಳೆ ಹಾಕಿ ಪ್ರೆಸ್‌ನಲ್ಲಿ ಒತ್ತಿದರೆ ತಿರುವುಮುರುವಾದ ಪ್ರತಿ ಸಿಗುತ್ತದೆ. ಬಣ್ಣ ಪೇಲವ, ಗೆರೆ ಚಪ್ಪಟೆ, ಪುಡಿ ಇರುವುದೇ ಇಲ್ಲ. ಬಲಗೈಯವರ ನೆರಳುಗೆರೆ ಸಾಮಾನ್ಯವಾಗಿ ಮೇಲೆ ಬಲದಿಂದ ಕೆಳಗೆ ಎಡಕ್ಕೆ ಇಳಿಯುತ್ತದೆ. ಪ್ರತಿಯಲ್ಲಿ ಅದು ಉಲ್ಟಾ. ಆದರೆ ಎಡಗೈ ಕಲಾವಿದರೂ ಇದ್ದಾರಲ್ಲ, ಅದೊಂದನ್ನೇ ನಂಬಿ ಬರೆಯಬಾರದು. ಪೇಲವ ಗೆರೆಯ ಮೇಲೆ ಅಲ್ಲಲ್ಲಿ ಗಾಢ ಗೆರೆ ಕಂಡರೆ ಆಮೇಲೆ ತಿದ್ದಿದ್ದಾರೆ ಎಂದರ್ಥ.

ಇಷ್ಟಾದ ಮೇಲೆ ದೇವತೆ. ಆಯುಧ, ವಾಹನ ನೋಡಿ ಮೂರ್ತಿ ಗುರುತಿಸಿ ಅಭ್ಯಾಸವಿದ್ದವರಿಗೆ ಇದು ಸಲೀಸು: ಹಣೆಯ ಮೇಲೆ ಅರ್ಧಚಂದ್ರ, ಬಿಲ್ಲು, ಬತ್ತಳಿಕೆ ಇದ್ದರೆ ಡಯಾನಾ, ಹೂಜಿ ಅಥವಾ ಬಟ್ಟಲಿನ ಪಕ್ಕ ಹದ್ದಿದ್ದರೆ ಹೀಬಿ, ಶಿರಸ್ತ್ರಾಣವಿದ್ದರೆ ಮಿನರ್ವಾ. ತೊಂದರೆ ಬರುವುದು ಗುರುತು ಅಳಿಸಿದಾಗ. ಅರ್ಧಚಂದ್ರವನ್ನು ಬಿಳಿ ಚಾಕ್‌ನಲ್ಲಿ ಬರೆದಿದ್ದರೆ ಮೊದಲು ಉದುರುವುದು ಅದೇ. ಓರೆ ಬೆಳಕು ಬಿಟ್ಟು ಹಣೆಯ ಮೇಲೆ ಒತ್ತಿದ ಗುರುತು ಹುಡುಕಿ. ಎದೆಗೆ ಅಡ್ಡಲಾದ ಪಟ್ಟಿ ಉಳಿದಿದ್ದರೆ ಅದು ಬತ್ತಳಿಕೆಯದ್ದಿರಬಹುದು. ಬಿಳುಪು ಸೀಸದ್ದಾಗಿದ್ದರೆ ಗಂಧಕದ ಹವೆ ತಾಗಿ ಕಪ್ಪಾಗಿರುತ್ತದೆ; ಅದನ್ನು ಕೊಳೆ ಅಂದುಕೊಂಡು ಉಜ್ಜಲು ಹೋಗಬೇಡಿ.

ಹೆಂಗಸಿನ ಹೆಸರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಬದಿಯ ಬರಹ ಎಷ್ಟೋ ಸಲ ಆಮೇಲೆ ಬಂದ ವ್ಯಾಪಾರಿಯದ್ದು. ಬೇರೆ ಪುರಾವೆ ಸಿಗುವವರೆಗೆ ‘ಡಯಾನಾ ವೇಷದ ಮಹಿಳೆ’ ಎಂದಷ್ಟೇ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಪ್ಯಾಸ್ಟೆಲ್ ಆದರೆ ಮುಖ ಮೇಲೆ ಮಾಡಿ, ಮಲಗಿಸಿಯೇ ಸಾಗಿಸಬೇಕು. ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿದಿಡುವ ದ್ರವ) ಸಿಂಪಡಿಸಿದರೆ ತಿಳಿ ಬಣ್ಣಗಳು ಮಂಕಾಗುತ್ತವೆ. ಚೌಕಟ್ಟಿಗೆ ಹಾಕಿದ ಸಾದಾ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಸ್ಥಿರ ವಿದ್ಯುತ್ತಿನಿಂದ ಪುಡಿಯನ್ನೇ ಎಳೆದುಕೊಳ್ಳುತ್ತದೆ, ಅದಕ್ಕೆ ಗಾಜೇ ಸರಿ, ಅದೂ ಚಿತ್ರಕ್ಕೆ ತಾಗದಷ್ಟು ದೂರದಲ್ಲಿ. ಪ್ರದರ್ಶನದ ಬೆಳಕು 50 ಲಕ್ಸ್ ದಾಟಬಾರದು. ಗಾಳಿಯ ತೇವ ಶೇ. 65 ದಾಟಿದರೆ ಬೂಷ್ಟು ಶುರು. ಕಾಗದ ಕಂದು ಕಂಡರೂ ಮೌಂಟ್ (ಚಿತ್ರದ ಸುತ್ತಲಿನ ರಟ್ಟು) ಅಂಚು ಎತ್ತಿ ನೋಡಿ, ಅಡಿಯಲ್ಲಿ ಎರಡು ಮಿಲಿಮೀಟರ್ ನೀಲಿ ಉಳಿದಿರುತ್ತದೆ ಕೆಲವೊಮ್ಮೆ. ಹಾಗಿದ್ದರೆ ಕ್ಯಾಟಲಾಗಿನಲ್ಲಿ ‘ನೀಲಿ ಕಾಗದ, ಬಣ್ಣ ಹೋಗಿದೆ’ ಎಂದು ಬರೆಯಿರಿ.