ಕೊಪ್ಪಳದ ಕಾಗದಗಳು ಹೋಗುವ ದಾರಿ

ಕುಷ್ಟಗಿ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಎರೆಹೊಲದ ಪಹಣಿಯಲ್ಲಿ ಅಪ್ಪನ ಹೆಸರಿನ ಪಕ್ಕಕ್ಕೆ ದಾಯಾದಿಯೊಬ್ಬರ ಹೆಸರೂ ಬಂದು ಕೂತಿತ್ತು. ಅದನ್ನು ಸರಿಪಡಿಸಲು ಓಡಾಡುವಾಗ ನಮ್ಮ ಜಿಲ್ಲೆಯ ಭೂಗೋಳವನ್ನು ಹೊಸದಾಗಿ ಕಲಿತೆ. ತಾಲ್ಲೂಕು ಮಟ್ಟದ ಮ್ಯುಟೇಶನ್ ಆದೇಶ, ಅಂದರೆ ಪಹಣಿಯಲ್ಲಿ ಹೆಸರು ಬದಲಿಸುವ ಆದೇಶ, ಒಪ್ಪಿಗೆಯಾಗದಿದ್ದರೆ 1964ರ ಭೂಕಂದಾಯ ಅಧಿನಿಯಮದ 136ನೇ ಕಲಮಿನಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹಾಕಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲಾಧಿಕಾರಿಗಳ ಮುಂದೆ ಪುನರೀಕ್ಷಣೆ ಕೋರಬೇಕು. ಜನರು ಇವನ್ನು ‘ಎಸಿ ಕೋರ್ಟು’, ‘ಡಿಸಿ ಕೋರ್ಟು’ ಎಂದು ಕರೆಯುತ್ತಾರೆ. ಆದರೆ ಅಲ್ಲಿ ತೀರ್ಮಾನವಾಗುವುದು ದಾಖಲೆಯಲ್ಲಿ ಯಾರ ಹೆಸರಿರಬೇಕು ಎಂಬುದಷ್ಟೇ. ಹೊಲದ ಒಡೆತನ ಯಾರದೆಂದು ಹೇಳುವ ಅಧಿಕಾರ ಸಿವಿಲ್ ನ್ಯಾಯಾಲಯದ್ದು. ನಮ್ಮೂರಿನ ಎಷ್ಟೋ ಮಂದಿ ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ತಪ್ಪು ಬಾಗಿಲ ಮುಂದೆ ಕಾದಿದ್ದಾರೆ, ನಾವೂ ಅವರಲ್ಲಿ ಸೇರಿದವರೇ.

ಜಿಲ್ಲೆಯ ಗಡಿ ದಾಟಿದ ಮೇಲೆ ದಾರಿ ಇನ್ನಷ್ಟು ಕವಲೊಡೆಯುತ್ತದೆ. ಕಂದಾಯ ಆಡಳಿತದಲ್ಲಿ ನಾವು ಕಲಬುರಗಿ ವಿಭಾಗದವರು, ಪ್ರಾದೇಶಿಕ ಆಯುಕ್ತರ ಕಚೇರಿ ಅಲ್ಲಿದೆ. ಆದರೆ ಕೊಪ್ಪಳದ ಜಿಲ್ಲಾ ನ್ಯಾಯಾಲಯದ ತೀರ್ಪಿನ ಮೇಲಿನ ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತದೆ. ನೆರೆಯ ರಾಯಚೂರಿನದು ಕಲಬುರಗಿ ಪೀಠಕ್ಕೆ. 2008ರ ಜುಲೈನಲ್ಲಿ ಈ ಎರಡೂ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಕಾಯಂ ಆದವು. ಅದಕ್ಕೂ ಮುಂಚೆ ಒಂದು ಎಕರೆ ಜಾಗದ ವ್ಯಾಜ್ಯಕ್ಕೂ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಇನ್ನು ಪೊಲೀಸ್ ವಲಯದ ಐಜಿಪಿ ಕಚೇರಿ ಬಳ್ಳಾರಿಯಲ್ಲಿದೆ. ಲೋಕಸಭೆಯ ಕೊಪ್ಪಳ ಕ್ಷೇತ್ರವಂತೂ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿಗಳನ್ನೂ ಬಳ್ಳಾರಿ ಜಿಲ್ಲೆಯ ಸಿರುಗುಪ್ಪವನ್ನೂ ಒಳಗೊಂಡಿದೆ.

ಧಾರವಾಡದ ಪೀಠ ನಮಗೆ ಅನುಕೂಲವೇ, ಗದಗ, ಹುಬ್ಬಳ್ಳಿಯ ಮೇಲೆ ಹಾದು ಹೋಗುವ ರೈಲಿದೆ. ಕಷ್ಟದ ದಿನಗಳು 1998ಕ್ಕೆ ಮೊದಲಿನವು. ಆ ವರ್ಷದ ಏಪ್ರಿಲ್ 1ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗುವವರೆಗೂ ಜಿಲ್ಲಾಧಿಕಾರಿಗಳನ್ನು ಕಾಣಬೇಕೆಂದರೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿಗೆ ಹೋಗಬೇಕಿತ್ತು. ಅಪ್ಪ ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿಯೇ ಹೊರಡುತ್ತಿದ್ದರು.

ಈ ಗಡಿಗಳ ಹಿಂದೆ ತುಂಗಭದ್ರೆಯಿದ್ದಾಳೆ. 1948ರವರೆಗೆ ಹೊಳೆಯ ಈಚೆ ನಿಜಾಮರ ಹೈದರಾಬಾದು ಸಂಸ್ಥಾನ, ಆಚೆ ಮದ್ರಾಸು ಪ್ರಾಂತ್ಯ. ಮುನಿರಾಬಾದಿನ ಅಣೆಕಟ್ಟನ್ನೂ ಈ ಎರಡು ಸರ್ಕಾರಗಳೇ ಜಂಟಿಯಾಗಿ ಕಟ್ಟಲು ಆರಂಭಿಸಿದವು. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿಗಳ ಕಡೆಗೆ ಹರಿದು ಅಲ್ಲಿ ಭತ್ತ ಬೆಳೆಯಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳು ಬಹುಪಾಲು ಮುಗಿಲನ್ನೇ ನಂಬಿವೆ. ನೀರು ಬಂದ ಕಡೆ ನೆಲದ ಬೆಲೆ ಏರಿತು, ಬೆಲೆ ಏರಿದಲ್ಲಿ ವ್ಯಾಜ್ಯವೂ ಬೆಳೆಯಿತು ಎಂದು ನಮ್ಮ ವಕೀಲರು ನಗುತ್ತ ಹೇಳುತ್ತಾರೆ. ನಮ್ಮ ಒಣಹೊಲಕ್ಕೆ ಆ ಮಾತು ಅನ್ವಯಿಸುವುದಿಲ್ಲವೆಂದು ನಾನು ವಾದಿಸಿ ನೋಡಿದ್ದೇನೆ.

ಆ ಹಳೆಯ ಗಡಿ ದಾಖಲೆಗಳ ಕೋಣೆಯಲ್ಲಿ ಇನ್ನೂ ಜೀವಂತವಾಗಿದೆ. ಹೊಳೆಯಾಚೆಯವರ ಹಳೆಯ ಕಾಗದಗಳು ಮದ್ರಾಸು ಪದ್ಧತಿಯವು. ನಮ್ಮ ಕಡೆ ಹೊಲದ ಮೂಲ ಹುಡುಕುವವರು ಕೇಳುವುದು ಹೈದರಾಬಾದು ರಾಜ್ಯದ ಕಾಲದ 1954–55ರ ಖಾಸ್ರಾ ಪಹಣಿಯನ್ನು, ಅಂದರೆ ಯಾವ ಹೊಲ ಯಾರ ಹೆಸರಿನಲ್ಲಿತ್ತೆಂದು ಬರೆದಿಟ್ಟ ಹಳೆಯ ದಾಖಲೆಯನ್ನು; ಅದಕ್ಕೂ ಹಿಂದಿನದಾದರೆ ಉರ್ದು ಓದಬಲ್ಲವರು ಬೇಕು. ನಮ್ಮ ಸರ್ವೆ ನಂಬರಿನ ಖಾಸ್ರಾದಲ್ಲಿ ಅಜ್ಜನ ಹೆಸರೊಂದೇ ಇದೆ. ಅದರ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ತಾರೀಖಿನೊಳಗೆ ಕೈಗೆ ಬಂದರೆ ಸಿವಿಲ್ ದಾವೆಯ ಜೊತೆಗೆ ಅದನ್ನು ಹಾಜರುಪಡಿಸಬೇಕು.