ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಎರಡು ಮನೆಯವರ ಒಂದು ದಿನ

ದೀಪಾವಳಿ ಮುಗಿದು ಶಾಲೆಗಳು ಮತ್ತೆ ತೆರೆದ ಮೇಲೆ ಬಂದ ಭಾನುವಾರ, ಹುಬ್ಬಳ್ಳಿಯ ನಮ್ಮ ಮನೆಯವರು ಮತ್ತು ಗದಗಿನಲ್ಲಿರುವ ನನ್ನ ಕಾಲೇಜು ದಿನಗಳ ಗೆಳತಿಯ ಮನೆಯವರು ಸೇರಿ ಒಂದು ದಿನವನ್ನು ಹೊರಗೆ ಕಳೆಯಬೇಕೆಂದು ಮಾತಾಡಿಕೊಂಡೆವು. ಎಲ್ಲಿಗೆ ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಮಕ್ಕಳಿಗೆ ನೀರಿನಾಟ, ಜಾರುಬಂಡೆ, ಗಿರಗಿರ ತಿರುಗುವ ಯಂತ್ರಗಳಿರುವ ಜಾಗವೇ ಬೇಕಿತ್ತು. ಆದರೆ ನಮ್ಮ ಜೊತೆ ಎಪ್ಪತ್ತು ದಾಟಿದ ನಮ್ಮ ಅತ್ತೆಯವರಿದ್ದರು, ಗೆಳತಿಯ ಜೊತೆ ಹೊಲ ಮನೆ ನೋಡಿಕೊಂಡೇ ಬದುಕು ಸವೆಸಿದ ಅವಳ ಮಾವನವರಿದ್ದರು. ಹಿರಿಯರನ್ನು ನೆರಳಲ್ಲಿ ಕೂರಿಸಿ, ಚೀಲಗಳನ್ನು ಕಾಯಲು ಹಚ್ಚಿ, ಉಳಿದವರು ಆಡಿ ಬರುವ ಪ್ರವಾಸಗಳನ್ನು ನಾನು ಹಲವು ಸಲ ಮಾಡಿದ್ದೇನೆ. ಅಂಥದ್ದು ಇನ್ನೊಮ್ಮೆ ಆಗುವುದು ನನಗೆ ಬೇಡವಾಗಿತ್ತು. ಹಾಗಾಗಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ ಎಂದು ನಾನೇ ಗಟ್ಟಿಯಾಗಿ ಹೇಳಿದೆ.

ಬೆಳಗಿನ ಎಂಟು ಗಂಟೆಗೆ ಹುಬ್ಬಳ್ಳಿ ಬಿಟ್ಟೆವು. ಗಬ್ಬೂರು ಕ್ರಾಸ್ ದಾಟಿ ಬೆಂಗಳೂರಿನ ಕಡೆಗೆ ಹೊರಳುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ವರೂರಿನ ಪಾರ್ಶ್ವನಾಥ ತೀರ್ಥಂಕರರ 61 ಅಡಿಯ ಮೂರ್ತಿ ದೂರದಿಂದಲೇ ಕಾಣುತ್ತದೆ. ಅಲ್ಲಿಂದ ಮುಂದೆ ತಡಸ ಕ್ರಾಸ್ ಬರುತ್ತದೆ. ಬಲಕ್ಕೆ ಹೊರಳಿದರೆ ಮುಂಡಗೋಡ, ನೇರ ಹೋದರೆ ಶಿಗ್ಗಾವಿ. ಈ ದಾರಿಯಲ್ಲಿ ನನಗೆ ಯಾವಾಗಲೂ ಇಷ್ಟವಾಗುವುದು ನೆಲ ಬದಲಾಗುವ ರೀತಿ. ಹುಬ್ಬಳ್ಳಿಯ ಸುತ್ತಲಿನ ಎರೆಭೂಮಿ ನಿಧಾನವಾಗಿ ಹಿಂದೆ ಸರಿದು, ಪಶ್ಚಿಮದ ಕಡೆಗೆ ಮಲೆನಾಡಿನ ಸೆರಗು ಕಾಣಿಸತೊಡಗುತ್ತದೆ. ಗೆಳತಿಯ ಮನೆಯವರು ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಹಾದು ಶಿಗ್ಗಾವಿಗೆ ಬಂದು, ನಮಗಿಂತ ಹತ್ತು ನಿಮಿಷ ಮೊದಲೇ ಗೊಟಗೋಡಿಯಲ್ಲಿ ಕಾಯುತ್ತಿದ್ದರು.

ಒಳಗೆ ಹೋದರೆ ಬೇಗ ಹೊರಗೆ ಬರುವ ಮಾತಿಲ್ಲ ಎಂಬುದು ನನಗೆ ಗೊತ್ತಿದ್ದುದರಿಂದ, ಮೊದಲು ಮರದ ನೆರಳಲ್ಲಿ ಜಮಖಾನೆ ಹಾಸಿ ಬುತ್ತಿ ಬಿಚ್ಚಿದೆವು. ಅತ್ತೆಯವರು ಹಿಂದಿನ ದಿನವೇ ತಟ್ಟಿಟ್ಟಿದ್ದ ಕಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ನಮ್ಮ ಡಬ್ಬಿಗಳಲ್ಲಿದ್ದರೆ, ಗೆಳತಿ ಮಾದಲಿಯನ್ನೂ ಗುರೆಳ್ಳು ಹಿಂಡಿಯನ್ನೂ ತಂದಿದ್ದಳು. "ಇಷ್ಟ್ ಮುಂಜಾನೆ ಯಾಕ ತೊಂದರಿ ತಗೊಂಡ್ರಿ ವೈನಿ?" ಎಂದು ನನ್ನ ಮನೆಯವರು ಅವಳನ್ನು ಕೇಳಿದರು. "ಮಾದಲಿ ಇಲ್ಲದ ಬುತ್ತಿ ಎಂಥಾ ಬುತ್ತಿ ಅಣ್ಣಾರ?" ಎಂದಳು ಅವಳು.

ಉತ್ಸವ ರಾಕ್ ಗಾರ್ಡನ್‌ಗೆ ಹೋಗದವರಿಗಾಗಿ ಒಂದು ಮಾತು ಹೇಳಬೇಕು. ಹೆಸರು ಕೇಳಿ ಬಂಡೆಗಲ್ಲುಗಳ ತೋಟವೆಂದು ಭಾವಿಸಿ ಬಂದವರಿಗೆ ಇಲ್ಲಿ ಎದುರಾಗುವುದು ಒಂದು ಇಡೀ ಉತ್ತರ ಕರ್ನಾಟಕದ ಹಳ್ಳಿ. ಆ ಹಳ್ಳಿಯ ಜನ, ದನ, ಕುರಿ, ಕೋಳಿಗಳೆಲ್ಲ ಆಳೆತ್ತರದ, ಬಣ್ಣ ಹಚ್ಚಿದ ಸಿಮೆಂಟಿನ ಶಿಲ್ಪಗಳು. ಸಾವಿರಕ್ಕೂ ಮಿಕ್ಕಿದ ಈ ಶಿಲ್ಪಗಳ ಹಿಂದಿನ ಕಲ್ಪನೆ ಹಾವೇರಿಯ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರದು. ಬಾಗಿಲು ದಾಟಿದ ಆರಂಭದ ಭಾಗದಲ್ಲಿ ವರನಟ ಡಾ. ರಾಜ್‌ಕುಮಾರ್ ಅವರು ಅಭಿನಯಿಸಿದ ಪಾತ್ರಗಳ ಶಿಲ್ಪಗಳಿವೆ. ನಮ್ಮ ಇಬ್ಬರು ಗಂಡಂದಿರೂ ಅಲ್ಲಿಯೇ ನಿಂತು ಯಾವ ಪಾತ್ರ ಯಾವ ಚಿತ್ರದ್ದು ಎಂದು ಬಹಳ ಹೊತ್ತು ಚರ್ಚಿಸಿದರು. ಮಕ್ಕಳು ಅವರ ಕೈ ಹಿಡಿದು ಎಳೆಯಬೇಕಾಯಿತು.

ಇಲ್ಲಿಗೆ ಬಂದವರೆಲ್ಲ ಶಿಲ್ಪವನ್ನು ನಿಜವಾದ ಮನುಷ್ಯರೆಂದು ತಿಳಿದು ಮಾತಾಡಿಸಿದ ಕಥೆಯನ್ನು ಹೇಳುತ್ತಾರೆ. ನಮ್ಮಲ್ಲಿ ಅದಕ್ಕೆ ವಿರುದ್ಧವಾದದ್ದು ನಡೆಯಿತು. ಗೆಳತಿಯ ನಾಲ್ಕು ವರ್ಷದ ಕಿರಿಯ ಮಗಳು, ಇಷ್ಟು ಜನ ಇದ್ದೂ ಯಾರೂ ಕಣ್ಣು ಮಿಟುಕಿಸುತ್ತಿಲ್ಲ, ಯಾರೂ ತನ್ನನ್ನು ನೋಡಿ ನಗುತ್ತಿಲ್ಲ ಎಂಬುದನ್ನು ಗಮನಿಸಿ ಹೆದರಿಬಿಟ್ಟಳು. ಅಪ್ಪನ ಹೆಗಲಿನಿಂದ ಇಳಿಯಲು ಒಲ್ಲೆನೆಂದು ಅಳತೊಡಗಿ, "ಇವರ್ಯಾಕ ಮಾತಾಡವಲ್ರು?" ಎಂದು ಕೇಳಿದಳು. ಇವೆಲ್ಲ ಗೊಂಬೆಗಳು ಎಂದು ದೊಡ್ಡವರು ಎಷ್ಟು ಹೇಳಿದರೂ ಅವಳ ಭಯ ಇಳಿಯಲಿಲ್ಲ. ಆಗ ನಮ್ಮ ಅತ್ತೆಯವರು ಅವಳ ಬೆನ್ನು ಸವರಿ, "ಕೆಲಸದಾಗ ಅದಾರವ್ವಾ. ಕೆಲಸ ಬಿಟ್ಟು ಮಾತಾಡಿಕೋತ ಕುಂತ್ರ ಹೊತ್ತು ಹೋಗ್ತೈತಿ" ಎಂದರು. ಮಗುವಿಗೆ ಆ ಮಾತು ಒಪ್ಪಿಗೆಯಾಯಿತು. ಅವಳು ಕೆಳಗಿಳಿದು ಅತ್ತೆಯವರ ಬೆರಳು ಹಿಡಿದಳು. ದಿನವಿಡೀ ಮತ್ತೆ ಬಿಡಲಿಲ್ಲ.

ಅತ್ತೆಯವರು ಮಗುವನ್ನು ಸಮಾಧಾನಪಡಿಸಲು ಆಡಿದ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅಲ್ಲಿಂದ ಮುಂದೆ ನಾನು ಶಿಲ್ಪಗಳ ಮುಖ ನೋಡುವುದನ್ನು ಬಿಟ್ಟು ಅವರ ಕೈಕಾಲುಗಳನ್ನು ನೋಡತೊಡಗಿದೆ. ನಿಜಕ್ಕೂ ಅಲ್ಲಿ ಸುಮ್ಮನೆ ನಿಂತವರು ಕಡಿಮೆ. ಕಮ್ಮಾರ, ಕುಂಬಾರ, ಬಡಿಗ, ಕುರುಬ, ಹೈನು ಮಾಡುವ ಹೆಂಗಸು, ಎತ್ತು ಹೂಡಿದ ಒಕ್ಕಲಿಗ, ಹೀಗೆ ಎಲ್ಲರೂ ಒಂದು ಕೆಲಸದ ನಡುವೆ ಇದ್ದಾರೆ. ಎಮ್ಮೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ ಹೆಂಗಸಿನ ಮೈಭಾರ ಎಲ್ಲಿ ಬಿದ್ದಿದೆ, ಬಗ್ಗಿದವನ ಬೆನ್ನು ಎಷ್ಟು ಬಾಗಿದೆ, ಹಗ್ಗ ಹಿಡಿದ ಮುಷ್ಟಿ ಎಷ್ಟು ಬಿಗಿಯಾಗಿದೆ ಎಂಬುದನ್ನೆಲ್ಲ ಮಾಡಿದ ಕೈಗಳು ಬಲ್ಲವು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಪಾಠದಲ್ಲಿ ಮೇಳಿ, ನೊಗ, ಮಿಣಿ, ಬಾರುಕೋಲು, ಹಗೇವು ಎಂಬ ಮಾತುಗಳು ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಮಕ್ಕಳು ಅರ್ಥವನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಉತ್ತರಿಸುತ್ತಾರೆ. ಆದರೂ ಏನೋ ಅವರಿಗೆ ದಾಟಲಿಲ್ಲ ಎಂಬ ಕೊರಗು ನನ್ನಲ್ಲಿ ಇದ್ದೇ ಇತ್ತು. ಅದು ಏನೆಂದು ತಿಳಿದದ್ದು ಗೊಟಗೋಡಿಯಲ್ಲಿ, ರಂಟೆ ಹೂಡಿದ ಎತ್ತುಗಳ ಮುಂದೆ. ಗೆಳತಿಯ ಮಾವನವರು ಅಲ್ಲಿಯವರೆಗೆ ಕೈ ಹಿಂದೆ ಕಟ್ಟಿಕೊಂಡು ಮೌನವಾಗಿ ನಡೆಯುತ್ತಿದ್ದವರು, ಆ ಶಿಲ್ಪದ ಸುತ್ತ ಎರಡು ಸಲ ತಿರುಗಿ, ಎತ್ತುಗಳ ಕೋಡು, ಹಿಣಿಲು, ಗೊರಸುಗಳನ್ನು ನೋಡಿ, ನಮ್ಮ ಮಗಳನ್ನು ಕರೆದರು. ಏಳನೆಯ ತರಗತಿಯಲ್ಲಿ ಓದುವ ಅವಳು ರಂಟೆಯನ್ನು ಎರಡೂ ಕೈಯಿಂದ ದೂಡುತ್ತಾರೆಂದು ತಿಳಿದಿದ್ದಳು. "ದೂಡೂದಲ್ಲವ್ವಾ, ಎತ್ತು ಎಳಿತಾವು. ನಾವು ಮೇಳಿ ಮ್ಯಾಲೆ ಭಾರ ಹಾಕೂದು, ಅಷ್ಟ" ಎಂದು, ಇಲ್ಲದ ಮೇಳಿಯ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಇಲ್ಲದ ಬಾರುಕೋಲು ಹಿಡಿದು, ಹೆಜ್ಜೆ ಹಾಕಿ ತೋರಿಸಿದರು. ಭಾರ ಕಡಿಮೆಯಾದರೆ ಕುಳ ಮೇಲೇಳುತ್ತದೆ, ಹೆಚ್ಚಾದರೆ ಎತ್ತು ದಣಿಯುತ್ತವೆ. ನೆಲದ ಹದವನ್ನು ಅಂಗೈಯೇ ಹೇಳಬೇಕು. ಇಷ್ಟಕ್ಕೆ ನಿಲ್ಲಿಸದೆ ಅವರು ಬಿತ್ತನೆಗೂ ಹೋದರು. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಗಸರು ಕೂರಿಗೆಯ ಹಿಂದೆ ನಡೆಯುತ್ತ, ಬಟ್ಟಲಿಗೆ ಬೀಜ ಬಿಡುವಾಗ ಬೆರಳುಗಳನ್ನು ಹೇಗೆ ಸಡಿಲಿಸುತ್ತಿದ್ದರು, ಎಲ್ಲ ತಾಳುಗಳಿಗೂ ಬೀಜ ಒಂದೇ ಸಮನೆ ಇಳಿಯುವಂತೆ ಹೇಗೆ ನೋಡಿಕೊಳ್ಳುತ್ತಿದ್ದರು ಎಂದು ಹೇಳುತ್ತ, ತಮ್ಮ ತಾಯಿಯ ಕೈ ಎಷ್ಟು ನೆಟ್ಟಗಿತ್ತೆಂದರೆ ಅವರು ಬಿತ್ತಿದ ಹೊಲದಲ್ಲಿ ಸಾಲಿನ ನಡುವೆ ಎಲ್ಲಿಯೂ ಖಾಲಿ ಬೀಳುತ್ತಿರಲಿಲ್ಲ ಎಂದರು. ಆ ಮಾತು ಹೇಳುವಾಗ ಅವರ ಬೆರಳುಗಳು ಆ ಬೀಜವನ್ನು ಬಿಡುತ್ತಲೇ ಇದ್ದವು.

ವಸ್ತುಸಂಗ್ರಹಾಲಯಗಳಲ್ಲಿ ನೇಗಿಲು ಇರುತ್ತದೆ, ಕೂರಿಗೆ ಇರುತ್ತದೆ, ಬೀಸುವ ಕಲ್ಲೂ ಇರುತ್ತದೆ. ಅವುಗಳನ್ನು ಹಿಡಿದ ಮೈಯ ನಿಲುವು ಮಾತ್ರ ಅಲ್ಲಿ ಇರುವುದಿಲ್ಲ. ಗೊಟಗೋಡಿಯಲ್ಲಿ ಉಳಿದಿರುವುದು ಆ ನಿಲುವು, ನನ್ನ ವಿದ್ಯಾರ್ಥಿಗಳಿಗೆ ಶಬ್ದಾರ್ಥದಿಂದ ದಾಟದೆ ಹೋದದ್ದೂ ಅದೇ. ಸೊಲಬಕ್ಕನವರ ಅವರು ಚಿತ್ರಕಲಾವಿದರಾಗಿದ್ದಂತೆಯೇ ದೊಡ್ಡಾಟವೆಂಬ ಬಯಲಾಟಕ್ಕಾಗಿ ದುಡಿದವರು ಎಂಬುದನ್ನು ಇಲ್ಲಿ ನೆನೆಯಬೇಕು ಎನಿಸುತ್ತದೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ತೊಟ್ಟ ಪಾತ್ರಧಾರಿ ಮಾತು ಆರಂಭಿಸುವ ಮೊದಲೇ, ಅವನು ನಿಂತ ರೀತಿ, ಇಟ್ಟ ಹೆಜ್ಜೆಗಳಿಂದಲೇ ಬಂದವನು ಅರಸನೋ ಸಾರಥಿಯೋ ಎಂಬುದು ಪ್ರೇಕ್ಷಕರಿಗೆ ತಿಳಿಯುತ್ತದೆ. ಮೈಯನ್ನು ಓದಬಲ್ಲ ಅದೇ ಕಣ್ಣು ಇಲ್ಲಿ ಅರಸರನ್ನು ಬಿಟ್ಟು ಹೊಲಗೇರಿ, ಒಕ್ಕಲಗೇರಿ, ಕಮ್ಮಾರಸಾಲೆಗಳ ಕಡೆಗೆ ತಿರುಗಿದೆ ಎಂದು ನಾನು ತಿಳಿಯುತ್ತೇನೆ. ಅವರು 2020ರಲ್ಲಿ ತೀರಿಕೊಂಡರು. ಇದೇ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇರುವುದು, ಹಳ್ಳಿಯ ಬದುಕನ್ನು ಗ್ರಂಥಗಳಲ್ಲಿ ಓದುವವರಿಗೂ ಕಣ್ಣಿಂದ ನೋಡುವವರಿಗೂ ಒಳ್ಳೆಯ ನೆರೆಹೊರೆಯಾಗಿದೆ.

ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಆವರಣ ದೊಡ್ಡದಿರುವುದರಿಂದ ಹಿರಿಯರನ್ನು ಕರೆತರುವವರು ನೀರಿನ ಬಾಟಲಿ, ಕೊಡೆ ಅಥವಾ ಟೊಪ್ಪಿಗೆ ತರುವುದು ಒಳ್ಳೆಯದು. ಬೆಳಗಿನ ಹೊತ್ತಿಗೇ ಬಂದರೆ ಇನ್ನೂ ಉತ್ತಮ. ನಾವು ನೆರಳು ಸಿಕ್ಕಲ್ಲೆಲ್ಲ ಕುಳಿತು, ಎದ್ದು, ಮತ್ತೆ ಕುಳಿತು ನಡೆದೆವು. ಹುಡುಗರು ಆಟದ ಜಾಗ ಹುಡುಕಿಕೊಂಡು ಓಡಿ, ಒಂದು ಗಂಟೆಯ ಮೇಲೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದರು. ನೀರಿನಾಟ ಸಿಗಲಿಲ್ಲವೆಂಬ ದೂರು ಆ ಹೊತ್ತಿಗೆ ಅವರಿಗೆ ಮರೆತೇ ಹೋಗಿತ್ತು.

ಮನೆಯೊಳಗಿನ ಕೆಲಸಗಳ ಶಿಲ್ಪಗಳ ಹತ್ತಿರ ಬಂದಾಗ ಅತ್ತೆಯವರ ಸರದಿ ಬಂತು. ಮೊಣಕಾಲು ನೋವಿನಿಂದ ಎರಡು ವರ್ಷಗಳಿಂದ ಅವರು ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ. ಆದರೆ ಬೀಸುವ ಕಲ್ಲಿನ ಮುಂದೆ ಹೇಗೆ ಕೂರುತ್ತಿದ್ದಿರಿ ಎಂದು ನಮ್ಮ ಮಗಳು ಕೇಳಿದ ಕೂಡಲೇ, ನಾವು ಬೇಡವೆನ್ನುವುದರೊಳಗೆ ಕಟ್ಟೆಯ ಮೇಲೆ ಕುಳಿತು ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ ತೋರಿಸಿದರು. ಬಲಗೈ ಗೂಟದ ಮೇಲೆ, ಎಡಗೈ ಹಿಡಿ ಹಿಡಿಯಾಗಿ ಕಾಳು ಸುರಿಯಲು. ಎದುರಿಗೆ ಇನ್ನೊಬ್ಬರು ಕೂತರೆ ಇಬ್ಬರ ಕೈಯೂ ಒಂದೇ ಗೂಟದ ಮೇಲೆ ಕೂಡುತ್ತಿದ್ದವು, ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು. ಗೆಳತಿಯ ಮಗಳು ಎದುರಿಗೆ ಹೋಗಿ ಕುಳಿತು ತನ್ನ ಪುಟ್ಟ ಕೈಯನ್ನು ಅತ್ತೆಯವರ ಕೈಯ ಮೇಲೆ ಇಟ್ಟಳು. ಮದುವೆಯಾಗಿ ಬಂದ ಮೊದಲ ವರ್ಷ ತಮ್ಮ ಅತ್ತೆಯ ಎದುರು ಹೀಗೆ ಕುಳಿತು ಬೀಸುವಾಗ, ಅವರ ಕೈಯ ಎಳೆತದಿಂದಲೇ ಅವರು ಆ ದಿನ ಸಿಟ್ಟಾಗಿದ್ದಾರೋ ಇಲ್ಲವೋ ಎಂಬುದು ತಿಳಿಯುತ್ತಿತ್ತು ಎಂದು ಅತ್ತೆಯವರು ಹೇಳಿದರು. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಈ ಮಾತನ್ನು ಮೊದಲ ಸಲ ಕೇಳಿದೆ. ಬೀಸುವ ಕಲ್ಲು ಈಗಲೂ ನಮ್ಮ ಹಿತ್ತಲಲ್ಲಿ, ತುಳಸಿಕಟ್ಟೆಯ ಪಕ್ಕದಲ್ಲಿ ಬಿದ್ದಿದೆ.

ಅವರನ್ನು ಮೇಲಕ್ಕೆಬ್ಬಿಸಲು ನಾವಿಬ್ಬರೂ ಕೈ ಕೊಡಬೇಕಾಯಿತು. ನೋವಾಯಿತೇನು ಎಂದು ಕೇಳಿದರೆ, "ಆಗ್ಲಿ ಬಿಡವಾ, ಇವತ್ತ ಒಂದಿನ" ಎಂದರು.

ಸಂಜೆ ಐದರ ಹೊತ್ತಿಗೆ ಹೊರಬೀಳಬೇಕಾಯಿತು. ಗೆಳತಿಯ ಮಾವನವರು ಕಮ್ಮಾರನ ಶಿಲ್ಪದ ಹತ್ತಿರ ಇನ್ನೊಮ್ಮೆ ಹೋಗಿ ಬಂದರು. ಅವರ ಊರಿನ ಕಮ್ಮಾರಸಾಲೆ ಮುಚ್ಚಿ ಬಹಳ ವರ್ಷಗಳಾಗಿವೆಯಂತೆ. ಬಾಗಿಲ ಬಳಿ ಚಹಾ ಕುಡಿಯುವಾಗ ಎರಡೂ ಮನೆಯ ಹಿರಿಯರು ಒಂದೇ ಬೆಂಚಿನ ಮೇಲೆ ಕುಳಿತು ಆ ವರ್ಷದ ಮಳೆಯ ಬಗ್ಗೆ, ಬ್ಯಾಡಗಿ ಮೆಣಸಿನಕಾಯಿಯ ಧಾರಣೆಯ ಬಗ್ಗೆ ಮಾತಾಡಿಕೊಂಡರು. ಈ ಸಲ ಚೀಲ ಕಾಯಲು ಯಾರನ್ನೂ ಕೂರಿಸಿರಲಿಲ್ಲ, ಚೀಲಗಳನ್ನು ಮಕ್ಕಳೇ ಹೊತ್ತಿದ್ದರು.

ಕಾರು ಹತ್ತುವ ಮೊದಲು ಆ ಪುಟ್ಟ ಹುಡುಗಿ ಹಿಂದಿರುಗಿ ಒಳಗಿನ ಹಳ್ಳಿಯ ಕಡೆಗೆ ನೋಡಿ, "ಅಜ್ಜಿ, ಅವರ ಕೆಲಸ ಇನ್ನೂ ಮುಗಿದಿಲ್ಲೇನು?" ಎಂದು ಕೇಳಿದಳು. "ಇಲ್ಲವ್ವಾ. ಸುಗ್ಗಿ ಮುಗೀಲಿ, ಮತ್ತ ಬರೂಣು" ಎಂದರು ಅತ್ತೆಯವರು. ಗೆಳತಿಯ ಮನೆಯವರು ಶಿಗ್ಗಾವಿಯ ಕಡೆಗೆ ಹೊರಳಿದರು, ನಾವು ಹುಬ್ಬಳ್ಳಿಯ ದಾರಿ ಹಿಡಿದೆವು. ತಡಸ ಕ್ರಾಸ್ ದಾಟುವ ಹೊತ್ತಿಗೆ ಹುಡುಗರು ನಿದ್ದೆ ಹೋಗಿದ್ದರು. ಅತ್ತೆಯವರು ಮಾತ್ರ ಕಿಟಕಿಯ ಆಚೆ ಕತ್ತಲಾಗುತ್ತಿದ್ದ ಹೊಲಗಳನ್ನು ನೋಡುತ್ತ, ಬಲಗೈಯನ್ನು ಮಡಿಲಲ್ಲಿ ಮೆಲ್ಲಗೆ ಸುತ್ತಿಸುತ್ತಿದ್ದರು.