ವಾಲಿದ 'ಣ್ಣೆ'

ಇವತ್ತು ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ನಿಂತಿದ್ದಾಗ ಹೋಟೆಲಿನ ಹಳೇ ಬೋರ್ಡ್ ಕಣ್ಣಿಗೆ ಬಿತ್ತು. 'ಬೆಣ್ಣೆ'ಯಲ್ಲಿ ಣ್ಣೆ ಸ್ವಲ್ಪ ಎಡಕ್ಕೆ ವಾಲಿದೆ.

ಅದು ನಾನು ಬರೆದದ್ದು!

ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಪೇಂಟರ್ ಮಾವನ ಜೊತೆ ಬಣ್ಣದ ಡಬ್ಬಿ ಹಿಡಿಯೋಕೆ ಹೋಗುತ್ತಿದ್ದೆ. ನೋಟ್‌ಬುಕ್ಕಿನ ಹಿಂದೆ ಸುಮ್ನೆ ಗೀಚಿದ್ದ ಅಕ್ಷರಗಳನ್ನ ಅವರು ಯಾವಾಗ ನೋಡಿದ್ದರೋ ಏನೋ, ಅವತ್ತು ಏಣಿಯಿಂದ ಇಳಿದವರೇ ಬ್ರಷ್ ಕೈಗಿಟ್ಟು "ಇದೊಂದು ನೀನೇ ಬರಿ" ಅಂದರು. ಕೈ ನಡುಗಿತು. ಸೊಟ್ಟ ಆಯ್ತು. ಒರೆಸಿ ತಿದ್ದುತ್ತಾರೆ ಅಂದುಕೊಂಡರೆ, ಹಾಗೇ ಬಿಟ್ಟು ಟೀ ಕುಡಿಯೋಕೆ ಹೋದರು.

ಈಗ ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಕನ್ನಡ ಫಾಂಟ್ ಡಿಸೈನ್.

ಕುವೆಂಪು 'ಶ್ರೀರಾಮಾಯಣ ದರ್ಶನಂ' ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ, ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ತಳುಕಿನವರು ಅವರು. ಕಾವ್ಯ ಮುಗಿಯುವ ಮೊದಲೇ, 1939ರಲ್ಲಿ ತೀರಿಕೊಂಡಿದ್ದರು. ಅದು ನೆನಪಾಗಿ ಒಂಥರಾ ಆಯ್ತು. (ಹೋಲಿಕೆ ಜಾಸ್ತಿ ಆಯ್ತು, ಗೊತ್ತು ಬಿಡಿ.)

ನನ್ನ ಪೇಂಟರ್ ಮಾವ ಗಟ್ಟಿಯಾಗಿದ್ದಾರೆ. ತಕ್ಷಣ ಬೋರ್ಡಿನ ಫೋಟೋ ಕಳಿಸಿದೆ. ದೋಸೆ ಬರುವಷ್ಟರಲ್ಲಿ ವಾಯ್ಸ್ ಮೆಸೇಜ್ ಬಂತು: "ಇನ್ನೂ ಸೊಟ್ಟಾನೇ ಐತಲ್ಲೋ!"